ಡೇಟಾ ಸೆಂಟರ್ ಬರುವ ಮೊದಲು ಬಾವಿಯ ಲೆಕ್ಕ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಇವತ್ತಿಗೆ ದೊಡ್ಡ ಡೇಟಾ ಸೆಂಟರ್ ಒಂದೂ ಇಲ್ಲ. ಇಲ್ಲದ್ದರ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳುವುದು ಯಾಕೆ ಎಂದು ಯಾರಾದರೂ ಕೇಳಿದರೆ ಉತ್ತರ ಸುಲಭ. ಬಂದ ಮೇಲೆ ತಲೆ ಕೆಡಿಸಿಕೊಂಡು ಏನೂ ಆಗುವುದಿಲ್ಲ ಎಂಬುದನ್ನು ಉಡುಪಿ ಜಿಲ್ಲೆ ನಲವತ್ತು ವರ್ಷಗಳಿಂದ ನೋಡುತ್ತಲೇ ಬಂದಿದೆ.

ಬರುವ ಸಾಧ್ಯತೆಯಂತೂ ಇದೆ. ಕರ್ನಾಟಕದ 2022–27ರ ಡೇಟಾ ಸೆಂಟರ್ ನೀತಿ ಇಂಥ ಉದ್ಯಮ ಬೆಂಗಳೂರಿನ ಹೊರಗೆ ಹೋಗಲಿ ಎಂದು ರಿಯಾಯಿತಿ ಕೊಡುತ್ತದೆ. ಸಮುದ್ರದಡಿಯ ಇಂಟರ್ನೆಟ್ ಕೇಬಲ್‌ಗಳು ಮುಂಬೈ, ಚೆನ್ನೈ, ಕೊಚ್ಚಿಗಳಲ್ಲಿ ದಡ ಸೇರುತ್ತವೆ. ಕರಾವಳಿ ಕರ್ನಾಟಕದಲ್ಲಿ ಅಂಥ ನಿಲ್ದಾಣವಿಲ್ಲ. ಮಂಗಳೂರಿಗೆ ಅದು ಬೇಕೆಂದು ಉದ್ಯಮಿಗಳೂ ಜನಪ್ರತಿನಿಧಿಗಳೂ ಕೇಳುತ್ತಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಗೂಗಲ್ ವಿಶಾಖಪಟ್ಟಣದಲ್ಲಿ 1,500 ಕೋಟಿ ಡಾಲರ್ ಹೂಡುವುದಾಗಿ ಘೋಷಿಸಿದ ಮೇಲೆ, ಅದು ಆಂಧ್ರಕ್ಕೆ ಯಾಕೆ ಹೋಯಿತು ಎಂಬ ಜಗಳ ನಮ್ಮಲ್ಲೂ ಜೋರಾಗಿಯೇ ನಡೆಯಿತು. ಕೇಬಲ್ ಮಂಗಳೂರಿಗೆ ಬಂದರೆ, ಜಾಗ ಹುಡುಕುತ್ತಾ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೊರಟವರಿಗೆ ಬ್ರಹ್ಮಾವರವಾಗಲಿ ಬೈಂದೂರಾಗಲಿ ದೂರವೇನಲ್ಲ.

ಮೊದಲು ಗಾತ್ರದ ಅಂದಾಜು ಬೇಕು. ವಿಶಾಖಪಟ್ಟಣದ ಯೋಜನೆಯ ಸಾಮರ್ಥ್ಯ ಒಂದು ಗಿಗಾವಾಟ್, ಅಂದರೆ 1,000 ಮೆಗಾವಾಟ್. ಹೊಸಂಗಡಿಯಲ್ಲಿ ಗುಡ್ಡದ ಒಳಗೆ ಕೂತಿರುವ ವಾರಾಹಿ ವಿದ್ಯುದಾಗಾರದ ನಾಲ್ಕೂ ಯಂತ್ರಗಳು ಒಟ್ಟಿಗೆ ತಿರುಗಿದರೆ ಬರುವುದು 460 ಮೆಗಾವಾಟ್. ಎಲ್ಲೂರಿನ ಕಲ್ಲಿದ್ದಲು ಸ್ಥಾವರದ್ದು 1,200. ಅಂದರೆ ಅಂಥ ಒಂದು ಕೇಂದ್ರಕ್ಕೆ ಎರಡು ವಾರಾಹಿ ಸಾಲದು, ಎಲ್ಲೂರಿನದ್ದು ಬಹುಪಾಲು ಬೇಕು. ನಮ್ಮ ಕಡೆ ಬರುವುದು ಅದರ ಹತ್ತನೆಯ ಒಂದು ಭಾಗವೇ ಇರಬಹುದು. ಆದರೂ 100 ಮೆಗಾವಾಟ್ ಎಂದರೆ, ಬೇಸಿಗೆಯ ಸಂಜೆ ಪಂಪ್ ಏಳದಷ್ಟು ವೋಲ್ಟೇಜ್ ಇಳಿಯುವ ಊರುಗಳಲ್ಲಿ, ಸಣ್ಣ ಮಾತಲ್ಲ.

ಇಂಥ ಕೇಂದ್ರಗಳು ನೂರಾರು ಸಂಖ್ಯೆಯಲ್ಲಿ ಇರುವ ಕಡೆ ಏನಾಗಿದೆ? ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಶಾಸನಸಭೆಯ ಲೆಕ್ಕಪರಿಶೋಧನಾ ಆಯೋಗ 2024ರ ಡಿಸೆಂಬರ್‌ನಲ್ಲಿ ಒಂದು ದೊಡ್ಡ ವರದಿ ಕೊಟ್ಟಿತು. ಓದಲೇಬೇಕಾದ ವರದಿ. ಅದು ಪರವೂ ಇಲ್ಲ, ವಿರೋಧವೂ ಇಲ್ಲ, ಹಾಗಾಗಿ ಎರಡೂ ಕಡೆಯವರಿಗೆ ಅದರಿಂದ ಸಮಾಧಾನವಾಗಲಿಕ್ಕಿಲ್ಲ. ಹೆಚ್ಚಿನ ಡೇಟಾ ಸೆಂಟರ್‌ಗಳು ಒಂದು ದೊಡ್ಡ ಕಚೇರಿ ಕಟ್ಟಡ ಬಳಸುವಷ್ಟೇ ಅಥವಾ ಅದಕ್ಕಿಂತ ಕಡಿಮೆ ನೀರು ಬಳಸುತ್ತವೆ, ಕೆಲವು ಮಾತ್ರ ವಿಪರೀತ ಕುಡಿಯುತ್ತವೆ ಎಂದು ಅದು ಹೇಳುತ್ತದೆ. ಕಟ್ಟುವ ಕಾಲದಲ್ಲಿ ಸಾವಿರದೈನೂರು ಮಂದಿಯವರೆಗೆ ಕೆಲಸ. ಕಟ್ಟಿ ಮುಗಿದ ಮೇಲೆ ಎರಡೂವರೆ ಲಕ್ಷ ಚದರ ಅಡಿಯ ಕಟ್ಟಡವೊಂದರಲ್ಲಿ ಉಳಿಯುವವರು ಸುಮಾರು 50 ಮಂದಿ, ಅವರಲ್ಲಿ ಅರ್ಧ ಗುತ್ತಿಗೆಯವರು. ವಿದ್ಯುತ್ ಬೇಡಿಕೆ ಮಾತ್ರ ತಡೆಯಿಲ್ಲದೆ ಬಿಟ್ಟರೆ ಹತ್ತು ವರ್ಷದಲ್ಲಿ ಇಡೀ ರಾಜ್ಯದ್ದು ದುಪ್ಪಟ್ಟು. ನನಗೆ ಮುಖ್ಯವೆನಿಸಿದ್ದು ವರದಿಯ ಶಿಫಾರಸು: ಅನುಮತಿ ಕೊಡುವ ಮೊದಲೇ ನೀರಿನ ಅಂದಾಜನ್ನೂ ಶಬ್ದದ ಅಧ್ಯಯನವನ್ನೂ ಕೇಳುವ ಅಧಿಕಾರ ಸ್ಥಳೀಯ ಸಂಸ್ಥೆಗೆ ಕಾನೂನಿನಲ್ಲೇ ಸ್ಪಷ್ಟವಾಗಿ ಇರಬೇಕು.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒರೆಗಾನ್ ರಾಜ್ಯದ ದಿ ಡಾಲ್ಸ್ ಎಂಬ ಸಣ್ಣ ಪೇಟೆ ಸಾಕು. ಅಲ್ಲಿ ಗೂಗಲ್ ಎಷ್ಟು ನೀರು ಬಳಸುತ್ತದೆ ಎಂದು ಆ ರಾಜ್ಯದ ಪತ್ರಿಕೆಯೊಂದು ಕೇಳಿತು. ಅದು ವ್ಯಾಪಾರದ ಗುಟ್ಟು ಎಂದ ನಗರಾಡಳಿತ ಪತ್ರಿಕೆಯ ಮೇಲೆಯೇ ದಾವೆ ಹೂಡಿತು. ವರ್ಷ ಕಳೆದು 2022ರ ಕೊನೆಗೆ ರಾಜಿಯಾಗಿ ಲೆಕ್ಕ ಹೊರಬಂತು: 2021ರಲ್ಲಿ ಬಳಸಿದ್ದು 35.5 ಕೋಟಿ ಗ್ಯಾಲನ್, ಪೇಟೆಯ ಒಟ್ಟು ನೀರಿನ ಕಾಲು ಭಾಗಕ್ಕಿಂತ ಹೆಚ್ಚು. ನಮ್ಮ ಅಳತೆಯಲ್ಲಿ ದಿನಕ್ಕೆ ಸುಮಾರು 37 ಲಕ್ಷ ಲೀಟರ್. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಇದು ಸುಮಾರು 67 ಸಾವಿರ ಜನರ ನೀರು.

ನೆದರ್ಲೆಂಡ್ಸ್‌ನ ಝೇವೋಲ್ಡೆಯಲ್ಲಿ ಕಥೆ ಬೇರೆ. 166 ಹೆಕ್ಟೇರ್ ಕೃಷಿಭೂಮಿಯಲ್ಲಿ ಫೇಸ್‌ಬುಕ್‌ನ ಮೆಟಾ ಕಂಪನಿ ಕೇಂದ್ರ ಕಟ್ಟಲು ಅಲ್ಲಿನ ಸ್ಥಳೀಯ ಕೌನ್ಸಿಲ್ 2021ರ ಡಿಸೆಂಬರ್‌ನಲ್ಲಿ ಒಪ್ಪಿತ್ತು. ಮೂರೇ ತಿಂಗಳಲ್ಲಿ ಚುನಾವಣೆ ಬಂತು, ವಿರೋಧಿಸಿದ್ದ ಪಕ್ಷ ಮೊದಲ ಸ್ಥಾನಕ್ಕೆ ಬಂತು, ಯೋಜನೆ ಬಿದ್ದಿತು. ನಮ್ಮಲ್ಲಿ ಹೀಗಾಗಬೇಕಾದರೆ ಮೊದಲು ಚುನಾವಣೆ ನಡೆಯಬೇಕು! ಕರ್ನಾಟಕದ ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದು, ಚುನಾಯಿತ ಸದಸ್ಯರಿಲ್ಲದೆ ವರ್ಷಗಳೇ ಉರುಳಿವೆ.

ಹೊರಗಿನ ಮಾತು ಇಷ್ಟು ಸಾಕು. ನಮ್ಮ ಮೂರು ತಾಲೂಕುಗಳಲ್ಲಿ ಎಲ್ಲ ಪ್ರಶ್ನೆಗಳೂ ಬಂದು ನಿಲ್ಲುವುದು ನೀರಿನ ಬುಡಕ್ಕೆ. ವರ್ಷಕ್ಕೆ 4,000 ಮಿಲಿಮೀಟರ್ ಮಳೆ ಸುರಿಯುವ ಊರಿಗೆ ನೀರಿನ ಚಿಂತೆಯೇ ಎಂದು ಬೆಂಗಳೂರಿನ ಅಧಿಕಾರಿಗೆ ಅನಿಸುವುದು ಸಹಜ. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು, ಘಟ್ಟದಿಂದ ಕಡಲಿಗೆ ಕೆಲವೇ ಗಂಟೆಗಳಲ್ಲಿ ಓಡಿಹೋಗುತ್ತದೆ. ಏಪ್ರಿಲ್ ಬಂದರೆ ಪಂಚಾಯತ್‌ಗಳು ಟ್ಯಾಂಕರ್ ಟೆಂಡರ್ ಕರೆಯುತ್ತವೆ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಐದೂ ಹೊಳೆಗಳು ಗಂಗೊಳ್ಳಿಯ ಅಳಿವೆಯಲ್ಲಿ ಕೂಡುತ್ತವೆ. ಹೊಳೆಯ ಸೆಳೆತ ಇಳಿದೊಡನೆ ಭರತದ ನೀರು ಅದೇ ದಾರಿಯಲ್ಲಿ ಒಳಗೆ ಏರುತ್ತದೆ. ಅದನ್ನು ತಡೆಯುವುದಕ್ಕೇ ಬಂಟ್ವಾಡಿಯಂಥ ಕಡೆ ಕಿಂಡಿ ಅಣೆಕಟ್ಟುಗಳಿವೆ. ಮಳೆ ಹಿಂದೆ ಸರಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಬೇಕು. ಹಳೆಯ ಕ್ರಮದಲ್ಲಾದರೆ ಎರಡು ಸಾಲು ಮರದ ಹಲಗೆ, ನಡುವೆ ಜೇಡಿಮಣ್ಣು ತುಂಬಿ ತುಳಿಯುವುದು. ಮಳೆಗಾಲದ ಮುಂಚೆ ಎಲ್ಲ ತೆಗೆಯುವುದು. ಹಲಗೆ ಹಾಕುವುದು ಎರಡು ವಾರ ತಡವಾದರೆ ಉಪ್ಪುನೀರು ಮೇಲೆ ಹತ್ತಿ ಗದ್ದೆಗೂ ಬಾವಿಗೂ ಸೇರುತ್ತದೆ. ಬೇಗ ಹಾಕಿದರೆ ಹಿಂಗಾರು ಮಳೆಗೆ ಬಯಲು ಮುಳುಗಿ, ಕೊಯ್ಲಿಗೆ ಬಂದ ಕಾರ್ತಿ ಬೆಳೆ ನೀರಿನಲ್ಲಿ ನಿಲ್ಲುತ್ತದೆ. ಸುಗ್ಗಿಯ ಭತ್ತವೋ, ನೆಲಗಡಲೆಯೋ, ಉದ್ದೋ ಎಂಬ ಲೆಕ್ಕಾಚಾರವೆಲ್ಲ ಆ ಹಲಗೆಯ ದಿನಾಂಕದ ಮೇಲೆ ನಿಂತಿದೆ. “ಈ ಸಲ ಬೇಗ್ ಉಪ್ಪ್ ಬಂತ್ ಮಾರಾಯ್ರೆ” ಎಂಬ ಮಾತು ಹೊಳೆಸಾಲಿನ ಮನೆಗಳಲ್ಲಿ ಕೇಳದ ಬೇಸಿಗೆಯಿಲ್ಲ.

ಇಷ್ಟು ನಾಜೂಕಾದ ವ್ಯವಸ್ಥೆಯ ಪಕ್ಕದಲ್ಲಿ ದಿನವೂ ಲಕ್ಷಾಂತರ ಲೀಟರ್ ಎತ್ತುವ ಒಂದು ಕೊಳವೆಬಾವಿ ಸಾಲನ್ನು ಕಲ್ಪಿಸಿಕೊಳ್ಳಿ. ಸಿಹಿನೀರು ಎತ್ತಿದಷ್ಟೂ ಉಪ್ಪುನೀರು ಒಳಗೆ ಸರಿಯುತ್ತದೆ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಎಷ್ಟು ಮಳೆಗಾಲ ಬೇಕು ಎಂದು ಯಾವ ಕಂಪನಿಯೂ ಬರೆದುಕೊಡುವುದಿಲ್ಲ.

ನೀರು ಕಡಿಮೆ ಬಳಸುವ ತಂತ್ರಜ್ಞಾನ ಇದೆ ಎನ್ನುತ್ತಾರೆ, ನಿಜ. ನೀರನ್ನು ಆವಿಯಾಗಿಸಿ ತಂಪು ಮಾಡುವ ಬದಲು ಮುಚ್ಚಿದ ಕೊಳವೆಗಳಲ್ಲಿ ಸುತ್ತಿಸಿ, ಏಸಿ ಯಂತ್ರಗಳಿಂದ ಶಾಖ ಹೊರಹಾಕಬಹುದು. ಆಗ ನೀರು ಉಳಿಯುತ್ತದೆ, ಕರೆಂಟು ಹೆಚ್ಚು ಹೋಗುತ್ತದೆ. ಇಲ್ಲಿ ಕರಾವಳಿಗೆ ವಿಶೇಷವಾದ ಒಂದು ತೊಡಕೂ ಇದೆ. ನಮ್ಮ ಗಾಳಿಯಲ್ಲಿ ತೇವ ಮೊದಲೇ ತುಂಬಿರುವುದರಿಂದ ನೀರು ಬೇಗ ಆವಿಯಾಗುವುದಿಲ್ಲ. ಒಣಹವೆಯ ಊರಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಕೂಲಿಂಗ್ ಟವರ್ ಮೇ ತಿಂಗಳ ಕುಂದಾಪುರದಲ್ಲಿ ಅಷ್ಟು ಚೆನ್ನಾಗಿ ಮಾಡದು. ಬೇರೆ ಊರಿನ ಅಂಕಿಯನ್ನು ಇಲ್ಲಿಗೆ ನಕಲು ಮಾಡಿದ ಯೋಜನಾ ವರದಿ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಕಡಲ ನೀರೇ ಬಳಸಬಹುದಲ್ಲ? ಫಿನ್ಲೆಂಡಿನ ಹಮೀನಾದಲ್ಲಿ ಹಳೆಯ ಕಾಗದದ ಕಾರ್ಖಾನೆಯೊಂದನ್ನು ಕೊಂಡು ಗೂಗಲ್ 2011ರಿಂದ ಸಮುದ್ರದ ನೀರಲ್ಲೇ ತಂಪು ಮಾಡುತ್ತಿದೆ. ಅಲ್ಲಿನ ಕಡಲು ಚಳಿಗಾಲದಲ್ಲಿ ಹೆಪ್ಪುಗಟ್ಟುವಂಥದ್ದು. ನಮ್ಮ ಕಡಲು ಮೊದಲೇ ಬೆಚ್ಚಗಿದೆ. ಅದರಿಂದ ಎಳೆದು ಇನ್ನಷ್ಟು ಬಿಸಿ ಮಾಡಿ ಮರಳಿ ಬಿಟ್ಟ ನೀರು ಅಳಿವೆಯ ಮೀನುಮರಿಗೆ, ಹೊಳೆಯಲ್ಲಿ ಚಿಪ್ಪು ಹೆಕ್ಕಿ ಬದುಕುವವರಿಗೆ ಏನು ಮಾಡುತ್ತದೆ ಎಂಬುದು ಹಮೀನಾದ ಅನುಭವದಲ್ಲಿ ಸಿಗುವುದಿಲ್ಲ. ಕಡಲ ನೀರನ್ನು ಒಳನಾಡಿಗೆ ತಂದದ್ದರ ಅನುಭವ ನಮ್ಮ ಜಿಲ್ಲೆಗೇ ಇದೆ, ಅದು ಎಲ್ಲೂರಿನದ್ದು.

ಆ ಕಥೆ ಹಳೆಯದು. ನಂದಿಕೂರಿಗೆ ಬರಬೇಕಿದ್ದ ಕೊಜೆಂಟ್ರಿಕ್ಸ್ ಕಂಪನಿಯ ಕಲ್ಲಿದ್ದಲು ವಿದ್ಯುತ್ ಯೋಜನೆ 1999ರ ಡಿಸೆಂಬರ್‌ನಲ್ಲಿ ಹಿಂದೆ ಸರಿಯಿತು. ಆ ಜಾಗದ ಸುತ್ತಲೇ ಬೇರೆ ಹೆಸರಿನಲ್ಲಿ ಸ್ಥಾವರ ಬಂತು: ನಾಗಾರ್ಜುನ, ಆಮೇಲೆ ಲ್ಯಾಂಕೋ, 2015ರಿಂದ ಅದಾನಿ. 2010ರಲ್ಲಿ ವಿದ್ಯುತ್ ಬರತೊಡಗಿದ ಬೆನ್ನಿಗೇ ಬಾವಿ ಉಪ್ಪಾಯಿತು, ಹಾರುಬೂದಿ ಬಿತ್ತು, ಮಲ್ಲಿಗೆ ಬಾಡಿತು ಎಂಬ ದೂರುಗಳು ಸುತ್ತಲ ಹಳ್ಳಿಗಳಿಂದ ಬಂದವು. ಊರಿನವರ ಸಮಿತಿ ಕೋರ್ಟು, ಹಸಿರು ನ್ಯಾಯಮಂಡಳಿ ಎಂದು ವರ್ಷಗಟ್ಟಲೆ ಅಲೆಯಿತು. ಕೊನೆಗೆ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಗೆಲುವೇ ಸರಿ. ಆದರೆ ನಷ್ಟ ಎಷ್ಟೆಂದು ತಜ್ಞರ ಸಮಿತಿ ಕೂತು ಲೆಕ್ಕ ಹಾಕಿದ್ದು ಸ್ಥಾವರ ಹತ್ತು ವರ್ಷ ಉರಿದ ಹೊತ್ತಿಗೆ. ಸ್ಥಾವರ ಬರುವ ಮುಂಚೆ ಆ ಬಾವಿಗಳ ನೀರು ಹೇಗಿತ್ತು, ಗದ್ದೆಯ ಇಳುವರಿ ಎಷ್ಟಿತ್ತು ಎಂದು ಆಯಾ ಪಂಚಾಯತ್‌ನ ಕಡತದಲ್ಲೇ ಇದ್ದಿದ್ದರೆ ಅಷ್ಟು ವರ್ಷ ಬೇಕಾಗುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಕುಂದಾಪುರದ ಮಟ್ಟಿಗೆ ಪಾಠ ಕಲಿಸಿದ್ದು ವಾರಾಹಿ ನೀರಾವರಿ. ಮಾಣಿ ಅಣೆಕಟ್ಟಿನಿಂದ ಇಳಿದು ವಿದ್ಯುತ್ ಕೊಟ್ಟು ಬರುವ ನೀರನ್ನು ಸಿದ್ದಾಪುರದ ಹತ್ತಿರ ತಿರುಗಿಸಿ, 15,702 ಹೆಕ್ಟೇರ್‌ಗೆ ಹಾಯಿಸುವ ಯೋಜನೆಗೆ 1979ರಲ್ಲಿ ಒಪ್ಪಿಗೆ ಸಿಕ್ಕಿತು. ಅಂದಾಜು ವೆಚ್ಚ 9.43 ಕೋಟಿ ರೂಪಾಯಿ. ಕಾಲುವೆಗೆ ನೀರು ಬರುವಾಗ ಮೂರು ದಶಕ ದಾಟಿತ್ತು, ವೆಚ್ಚ ನೂರಾರು ಕೋಟಿಗೆ ಏರಿತ್ತು. ಈ ನಡುವೆ, ವಾರಾಹಿ ನೀರು ಬಂದೇ ಬರುತ್ತದೆ, ಕಬ್ಬು ಬೆಳೆದೇ ಬೆಳೆಯುತ್ತದೆ ಎಂಬ ನಂಬಿಕೆಯಲ್ಲಿ ಬ್ರಹ್ಮಾವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ತಲೆಯೆತ್ತಿತು. ನೀರು ಬರಲಿಲ್ಲ, ಅರೆಯುವಷ್ಟು ಕಬ್ಬು ಸಿಗಲಿಲ್ಲ, ಬಾಗಿಲು ಮುಚ್ಚಿತು. ಷೇರು ಹಾಕಿದ ರೈತರ ದುಡ್ಡು ಹೋಯಿತು. ಬೇಸಾಯದ ಪರವಾದ ಯೋಜನೆಗಳೇ ಹೀಗೆ ಒಂದರ ಕಾಗದವನ್ನು ಇನ್ನೊಂದು ನಂಬಿ ಕೆಟ್ಟವು. ನಾಳೆ ಡೇಟಾ ಸೆಂಟರ್‌ಗೆ “ನೀರು ವಾರಾಹಿಯಿಂದ” ಎಂದು ಯಾರಾದರೂ ಬರೆದರೆ, ಆ ನೀರಿಗೆ ಈಗಾಗಲೇ ಎಷ್ಟು ಪಾಲುದಾರರಿದ್ದಾರೆ ಎಂದು ಎಣಿಸಬೇಕು: ಎಡದಂಡೆ, ಬಲದಂಡೆ, ಸೌಕೂರು ಏತ ನೀರಾವರಿ, ಉಡುಪಿ ನಗರದ ಕುಡಿಯುವ ನೀರು, ಕುಂದಾಪುರ ಪೇಟೆಯ ಕುಡಿಯುವ ನೀರು. ಬೇಸಿಗೆಯಲ್ಲಿ ಈ ಹೊಳೆ ಎಷ್ಟು ಹರಿಯುತ್ತದೆ ಎಂಬುದು ಹೊಸಂಗಡಿಯ ಯಂತ್ರಗಳು ಎಷ್ಟು ಹೊತ್ತು ತಿರುಗುತ್ತವೆ ಎಂಬುದರ ಮೇಲೆ ನಿಂತಿದೆ ಎನ್ನುವುದನ್ನೂ ಮರೆಯುವ ಹಾಗಿಲ್ಲ.

ಜಾಗದ ವಿಷಯಕ್ಕೆ ಬಂದರೆ, ಸರ್ಕಾರದ ಪಹಣಿಯಲ್ಲಿ “ಖಾಲಿ” ಎಂದು ಕಾಣುವುದು ಊರಿನಲ್ಲಿ ಖಾಲಿ ಇರುವುದಿಲ್ಲ. ಬೈಲು, ಮಜಲು, ಬೆಟ್ಟು ಗದ್ದೆಗಳ ಬೆನ್ನಿಗೆ ಕುಮ್ಕಿ ಇದೆ, ಅದರಾಚೆ ಹಾಡಿ ಇದೆ. ಹಟ್ಟಿಗೆ ಸೊಪ್ಪು, ಬಚ್ಚಲ ಒಲೆಗೆ ದರಗೆಲೆ, ದನಗಳಿಗೆ ಮೇವು, ಮಳೆನೀರು ಇಂಗಲು ತಾವು, ಎಲ್ಲ ಅದೇ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) 1966ರ ಕಾಯ್ದೆಯಡಿ ಜಾಗ ಸ್ವಾಧೀನ ಮಾಡುವಾಗ ಪಂಚಾಯತ್‌ನ ಒಪ್ಪಿಗೆಗೆ ಕಾಯಬೇಕಾಗಿಲ್ಲ. ಗುಡ್ಡ ಕಡಿದು ಸಮತಟ್ಟು ಮಾಡುವ ಮಾತು ಬಂದರೆ ಬೈಂದೂರಿನ ಒತ್ತಿನೆಣೆ ನೋಡಿ ಬರಬಹುದು. ಚತುಷ್ಪಥಕ್ಕೆಂದು ನೆಟ್ಟಗೆ ಕಡಿದ ಆ ಗುಡ್ಡ 2017ರ ಜೂನ್‌ನಲ್ಲಿ ಹೆದ್ದಾರಿಗೇ ಕುಸಿದಿತ್ತು. ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ನೀರು ಕುಡಿದರೆ ಬೆಣ್ಣೆಯಾಗುವ ಶೇಡಿ ಮಣ್ಣು. ಇದು ಬಾವಿ ತೋಡುವ ಕೂಲಿಯವರಿಗೆ ಗೊತ್ತಿದ್ದ ವಿಷಯ.

ಕರೆಂಟಿನ ಜೊತೆ ಬರುವ ತಂತಿಗಳೂ ಇವೆ. ಉಡುಪಿ–ಕಾಸರಗೋಡು 400 ಕೆವಿ ಮಾರ್ಗದ ವಿರುದ್ಧ ಇನ್ನಾದಿಂದ ವಿಟ್ಲದವರೆಗೆ ರೈತರು ತೋಟದಲ್ಲಿ ನಿಂತು ತಡೆದದ್ದು ತೀರಾ ಈಚಿನ ಸಂಗತಿ. ಗೋಪುರ ಊರುವ ಜಾಗಕ್ಕೆ ಪರಿಹಾರ ಸಿಗಬಹುದು. ತಂತಿಯ ಅಡಿಯ ಅಡಿಕೆ, ತೆಂಗು ಮಾತ್ರ ಕಡಿಯಲೇಬೇಕು. ಡೀಸೆಲ್ ಜನರೇಟರ್‌ಗಳ ಸದ್ದು, ದಿನವಿಡೀ ನಿಲ್ಲದ ಫ್ಯಾನ್‌ಗಳ ಗುಂಯ್‌ಗುಟ್ಟುವಿಕೆ ಇವು ಅಮೆರಿಕದಲ್ಲಿ ದೊಡ್ಡ ತಕರಾರು, ಇಲ್ಲಿಗೂ ಬರುತ್ತವೆ.

ಉದ್ಯೋಗ? ಈ ತಾಲೂಕುಗಳ ಮಕ್ಕಳು ಒಂದು ಕಾಲದಲ್ಲಿ ಮುಂಬೈ, ಬೆಂಗಳೂರಿನ ಹೋಟೆಲುಗಳಿಗೆ ಹೋದರು, ಈಗ ಐಟಿ ಕಂಪನಿಗಳಿಗೆ ಹೋಗುತ್ತಾರೆ. ಊರಲ್ಲೇ ಕೆಲಸ ಎಂದರೆ ಯಾವ ತಂದೆತಾಯಿಯ ಕಿವಿ ನೆಟ್ಟಗಾಗುವುದಿಲ್ಲ? ಅವರ ಆಸೆಯನ್ನು ಹಗುರವಾಗಿ ಕಾಣುವ ಪರಿಸರವಾದಿಗಳ ಜೊತೆ ನನಗೆ ತಕರಾರಿದೆ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ ಮೇಲೆ ಇಲ್ಲಿ ಹೆಚ್ಚು ಕೈಗಳಿಗೆ, ಅದರಲ್ಲೂ ಹೆಂಗಸರಿಗೆ, ಕೆಲಸ ಕೊಟ್ಟಿರುವುದು ಗೇರುಬೀಜದ ಕಾರ್ಖಾನೆಗಳು. ಡೇಟಾ ಸೆಂಟರ್ ಆ ಜಾತಿಯ ಉದ್ಯಮವಲ್ಲ. ವರ್ಜೀನಿಯಾದ ಲೆಕ್ಕ ನೋಡಿದರೆ, ಕಟ್ಟುವಾಗ ಹೊರಗಿನಿಂದ ಬಂದ ಕೂಲಿಯವರ ಶೆಡ್‌ಗಳು, ಕಟ್ಟಿದ ಮೇಲೆ ಕೆಲವು ತಂತ್ರಜ್ಞರು, ಸೆಕ್ಯುರಿಟಿ, ಹೌಸ್‌ಕೀಪಿಂಗ್. ಇಷ್ಟನ್ನು ಮುಚ್ಚುಮರೆಯಿಲ್ಲದೆ ಹೇಳಿ, ಆಮೇಲೆ ಬೇಕೋ ಬೇಡವೋ ಎಂದು ಊರನ್ನು ಕೇಳಬೇಕು.

ತೆರಿಗೆಯ ಮಾತು ಇನ್ನೂ ಕುತೂಹಲದ್ದು. ವರ್ಜೀನಿಯಾದಲ್ಲಿ ಇಂಥ ಕೇಂದ್ರಗಳು ಹೆಚ್ಚಿರುವ ಕೌಂಟಿಗಳಲ್ಲಿ ಒಂದರ ಆದಾಯದ 31 ಶೇಕಡಾ ಅವುಗಳಿಂದಲೇ ಬರುತ್ತದೆ. ಕಾರಣ, ಅಲ್ಲಿನ ಸ್ಥಳೀಯ ಸರ್ಕಾರ ಕಟ್ಟಡದ ಮೇಲಷ್ಟೇ ಅಲ್ಲ, ಒಳಗಿನ ಕಂಪ್ಯೂಟರ್‌ಗಳ ಮೇಲೂ ವರ್ಷವರ್ಷ ತೆರಿಗೆ ಹಾಕಬಲ್ಲದು. ನಮ್ಮ ಗ್ರಾಮ ಪಂಚಾಯತ್‌ಗೆ ಸಿಗುವುದು ಕಟ್ಟಡ ಮತ್ತು ಜಾಗದ ತೆರಿಗೆ. ಒಳಗಿನ ಸಾವಿರಾರು ಕೋಟಿಯ ಯಂತ್ರಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಆ ಕಟ್ಟಡ ತೆರಿಗೆಯೂ ಕೈತಪ್ಪಬಹುದು: ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ 2013ರಲ್ಲಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಬಂದಾಗ ತೆರಿಗೆ ಎತ್ತುವ ಅಧಿಕಾರ ಪಂಚಾಯತ್‌ಗಳಿಂದ ಅದರ ಕೈಗೆ ಹೋಯಿತು. ಹೊರೆ ಊರಿಗೆ, ಆದಾಯ ಬೇರೆಡೆಗೆ. ಪಂಚಾಯತ್ ಸದಸ್ಯರು ಕನ್ನಡಿಯ ಗಂಟು ನೋಡಿ ಮರುಳಾಗದಿರಲಿ.

ಇನ್ನು ಕಾನೂನು. ಎಲ್ಲೂರಿನ ಸ್ಥಾವರದಂಥದ್ದಕ್ಕೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯ. ಡೇಟಾ ಸೆಂಟರ್‌ಗೆ ಹಾಗಿಲ್ಲ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಅದು ಬರುವುದು 20,000 ಚದರ ಮೀಟರ್ ಮೀರಿದ ಕಟ್ಟಡಗಳ ಸಾಲಿನಲ್ಲಿ, ಮಾಲ್ ಮತ್ತು ಅಪಾರ್ಟ್‌ಮೆಂಟುಗಳ ಜೊತೆ. ಆ ಸಾಲಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಇದೆ. ಒಂದು ಜಿಲ್ಲೆಗೆ ಸಾಲುವಷ್ಟು ಕರೆಂಟು ಎಳೆಯುವ ಉದ್ಯಮವನ್ನು ಕಾನೂನು ಕಾಣುವುದು ಒಂದು ವಸತಿ ಸಮುಚ್ಚಯದಂತೆ. ತಿದ್ದಬೇಕಾದ್ದು ದೆಹಲಿ. ಅಲ್ಲಿಯವರೆಗೆ ಊರಿಗೆ ಉಳಿದಿರುವ ಏಕೈಕ ಸಭೆ ಗ್ರಾಮಸಭೆ.

ಗ್ರಾಮಸಭೆಯ ನಿರ್ಣಯಕ್ಕೆ ಬೆಲೆ ಎಷ್ಟು? ಕೇರಳದ ಪ್ಲಾಚಿಮಡದಲ್ಲಿ 2003ರಲ್ಲಿ ಪೆರುಮಾಟ್ಟಿ ಪಂಚಾಯತ್ ಕೋಕಾ ಕೋಲಾ ಕಾರ್ಖಾನೆಯ ಪರವಾನಗಿ ನವೀಕರಿಸಲು ಒಪ್ಪಲಿಲ್ಲ. ದೇಶವೇ ತಿರುಗಿ ನೋಡಿತು. ಹೈಕೋರ್ಟಿನ ಏಕಸದಸ್ಯ ಪೀಠ ಅಂತರ್ಜಲ ಜನರ ಸ್ವತ್ತು ಎಂದಿತು. ಆದರೆ 2005ರಲ್ಲಿ ವಿಭಾಗೀಯ ಪೀಠ ಜಲಸಂಪನ್ಮೂಲ ಸಂಸ್ಥೆಯೊಂದರ ಅಧ್ಯಯನವನ್ನು ಆಧರಿಸಿ, ದಿನಕ್ಕೆ ಐದು ಲಕ್ಷ ಲೀಟರ್ ಎತ್ತಬಹುದು ಎಂದಿತು. ಪಂಚಾಯತ್‌ನ ಕೈಯಲ್ಲಿ ಜನರ ಸಂಕಟವಿತ್ತು, ಎದುರು ಕಡೆ ಅಂಕಿಯಿತ್ತು. ಕಾರ್ಖಾನೆ ಮತ್ತೆ ತೆರೆಯಲಿಲ್ಲ ಎಂಬುದು ಚಳವಳಿಯ ಬಲ. ಕೋರ್ಟಿನಲ್ಲಿ ಗೆದ್ದದ್ದು ಮಾತ್ರ ಅಧ್ಯಯನ.

ಹಾಗಾಗಿ ಅಧ್ಯಯನ ಪಂಚಾಯತ್‌ನದ್ದೇ ಇರಬೇಕು, ಮತ್ತು ಅದು ಕಂಪನಿ ಬರುವ ಮೊದಲೇ ಶುರುವಾಗಬೇಕು. ಇದಕ್ಕೆ ಬೆಂಗಳೂರಿನ ಕನ್ಸಲ್ಟೆಂಟ್ ಬೇಡ. ಪ್ರತಿ ವಾರ್ಡಿನಲ್ಲಿ ನಾಲ್ಕೈದು ಬಾವಿ ಗುರುತಿಸಿ, ತಿಂಗಳಿಗೊಮ್ಮೆ ಕಟ್ಟೆಯಿಂದ ನೀರಿನವರೆಗಿನ ಆಳವನ್ನು ಅಳೆದು, ಉಪ್ಪಿನಂಶ ತೋರಿಸುವ ಕೈಮೀಟರ್ ಅದ್ದಿ ನೋಡಿ ಬರೆದಿಟ್ಟರೆ ಅರ್ಧ ಕೆಲಸ ಮುಗಿಯಿತು. ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರು, ಅವರ ಮಕ್ಕಳು ಮಾಡಬಲ್ಲ ಕೆಲಸವಿದು. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ, ತೆಗೆದ ದಿನಾಂಕ. ಉಪ್ಪು ಎಲ್ಲಿಯವರೆಗೆ ಏರಿತು ಎಂಬುದು. ಟ್ಯಾಂಕರ್ ಮೊದಲು ಯಾವ ಕೇರಿಗೆ ಹೋಯಿತು ಎಂಬುದು. ಹೆಮ್ಮಾಡಿಯಲ್ಲಾದರೆ ಸೇವಂತಿಗೆ ಯಾವ ವಾರ ಅರಳಿತು ಎಂಬುದೂ ಸೇರಲಿ. ಇಬ್ಬನಿ, ಚಳಿ ಸ್ವಲ್ಪ ಏರುಪೇರಾದರೂ ಮಾರಣಕಟ್ಟೆ ಜಾತ್ರೆಗೆ ಹೂ ಸಿಗುವುದು ಕಷ್ಟವೆಂದು ಬೆಳೆಗಾರರಿಗೆ ಗೊತ್ತು, ಕಡತಕ್ಕೆ ಗೊತ್ತಿಲ್ಲ. ಕುಮ್ಕಿ, ಹಾಡಿಗಳನ್ನು ಯಾರು ಹೇಗೆ ಬಳಸುತ್ತಾರೆ ಎಂದು ಬರೆಯಲು ಜಾಗ ಈಗಾಗಲೇ ಇದೆ: 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಮಾಡಿ ಜನತಾ ದಾಖಲೆ ಬರೆಯಬೇಕು. ಅಂಥ ದಾಖಲೆ ಲೈಬ್ರರಿಯ ಕಪಾಟಿನಲ್ಲಿ ಕೂರದೆ ವರ್ಷವರ್ಷ ತುಂಬಬೇಕು.

ಇವೆಲ್ಲ ಕೈಯಲ್ಲಿದ್ದರೆ ಡೇಟಾ ಸೆಂಟರ್‌ಗೆ ಒಪ್ಪುವುದೂ ಸಾಧ್ಯ. ನೀರು ಎಷ್ಟು, ಎಲ್ಲಿಂದ, ಮೀಟರ್ ಯಾರ ಕೈಯಲ್ಲಿ, ಲೆಕ್ಕ ತಿಂಗಳು ತಿಂಗಳು ಪಂಚಾಯತ್ ನೋಟಿಸ್ ಬೋರ್ಡಿಗೆ ಬರುತ್ತದೆಯೇ, ತೆರಿಗೆ ಯಾರಿಗೆ, ತಂತಿ ಯಾವ ದಾರಿಯಲ್ಲಿ? ಇವಕ್ಕೆ ಬರಹದಲ್ಲಿ ಉತ್ತರ ಕೊಡುವ ಕಂಪನಿಯನ್ನು ಸುಮ್ಮನೆ ಓಡಿಸುವ ಅಗತ್ಯ ನನಗೆ ಕಾಣುವುದಿಲ್ಲ. ವ್ಯಾಪಾರದ ಗುಟ್ಟು ಎನ್ನುವವರಿಗೆ ಜಾಗ ಕೊಡಬಾರದು.

ಮೂರೂ ತಾಲೂಕುಗಳ ಪಂಚಾಯತ್‌ಗಳಲ್ಲಿ ಮುಂದಿನ ಗ್ರಾಮಸಭೆಗೆ ಹೋಗುವವರು ಬೀದಿದೀಪ, ರಸ್ತೆಯ ಹೊಂಡಗಳ ಜೊತೆ ಬಾವಿ ಅಳೆಯುವ ವಿಷಯವನ್ನೂ ಅಜೆಂಡಾಕ್ಕೆ ಹಾಕಿಸಿ. ಪಿಡಿಒ ಅನುದಾನವಿಲ್ಲ ಎಂದರೆ, ಬೇಕಾಗಿರುವುದು ಒಂದು ಅಳತೆ ಟೇಪು, ಒಂದು ಉಪ್ಪಿನ ಮೀಟರ್, ಒಂದು ಉದ್ದ ನೋಟ್‌ಬುಕ್ ಎಂದು ಹೇಳಿ, ನಿರ್ಣಯ ಬರೆಸಿ ಸಹಿ ಹಾಕಿಸಿಕೊಂಡು ಬನ್ನಿ.